ಹೈಸ್ಕೂಲಿನ ಹೊಸ ಶೌಚಾಲಯ: ಒಂದು ಮಳೆಗಾಲ, ಒಂದು ಬೇಸಿಗೆ ಆದ ಮೇಲೆ

ನಾನು ಅಂಕೋಲಾ ಕಡೆಯ ಪ್ಲಂಬರ್. ಇಪ್ಪತ್ತೆರಡು ವರ್ಷದಿಂದ ಪೈಪಿನ ಕೆಲಸ. ಮಗಳು ನಮ್ಮೂರ ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ಕಳೆದ ವರ್ಷ ಅಲ್ಲಿ ಹೆಣ್ಣುಮಕ್ಕಳಿಗೆ ಹೊಸ ಶೌಚಾಲಯ ಕಟ್ಟಿದರು. ಶಾಲೆಯ ಹೆಸರು ಬರೆಯುವುದಿಲ್ಲ. ಇದೇ ತಪ್ಪುಗಳನ್ನು ಕಾರವಾರದಿಂದ ಭಟ್ಕಳದವರೆಗೆ ಕೆಲಸಕ್ಕೆ ಹೋದ ಕಡೆಯೆಲ್ಲ ನೋಡಿದ್ದೇನೆ. ಉದ್ಘಾಟನೆಯ ದಿನ ಟೈಲ್ಸ್ ಹೊಳೆಯುತ್ತಲೇ ಇರುತ್ತದೆ. ನಾನು ವರ್ಷ ಕಾದು ಬರೆಯುತ್ತಿದ್ದೇನೆ. ಐದಕ್ಕೆ ಮೂರು ಅಂಕ.

ಕಟ್ಟಡ ಗಟ್ಟಿಯಾಗಿದೆ. ಚಿರೆಕಲ್ಲಿನ ಗೋಡೆ, ಪಾಯ ಎತ್ತರ ಮಾಡಿದ್ದಾರೆ, ಮೇಲೆ ಗಾಳಿಕಿಂಡಿ ಇದೆ. ನಮ್ಮ ಕರಾವಳಿಯಲ್ಲಿ ಪಾಯ ಎತ್ತರ ಇರಲೇಬೇಕು. ಜುಲೈನಲ್ಲಿ ನೆಲದೊಳಗಿನ ನೀರು ಮೇಲೆ ಬರುತ್ತದೆ, ತಗ್ಗಿನಲ್ಲಿ ತೆಗೆದ ಗುಂಡಿ ತುಂಬಿ ಪ್ಯಾನಿನಲ್ಲೇ ನೀರು ನಿಲ್ಲುತ್ತದೆ. ಇಲ್ಲಿ ಹಾಗಾಗಲಿಲ್ಲ. ಬಾವಿಯಿಂದಲೂ ಸಾಕಷ್ಟು ದೂರ ಇದೆ.

ಗುಂಡಿ ಎರಡಿವೆ. ಆದರೆ ನಡುವಿನ ಚೇಂಬರ್ ತೆರೆದು ನೋಡಿದರೆ ಎರಡಕ್ಕೂ ದಾರಿ ಬಿಟ್ಟಿದ್ದರು. ಹಾಗೆ ಮಾಡಬಾರದು. ಒಂದನ್ನು ಮುಚ್ಚಿ ಇನ್ನೊಂದನ್ನು ಬಳಸಬೇಕು. ಅದು ತುಂಬಿದ ಮೇಲೆ ದಾರಿ ತಿರುಗಿಸಬೇಕು. ತುಂಬಿದ್ದು ವರ್ಷಕ್ಕಿಂತ ಜಾಸ್ತಿ ಹಾಗೇ ಬಿದ್ದಿದ್ದರೆ ಒಳಗಿನದು ಕೊಳೆತು ಗೊಬ್ಬರವಾಗುತ್ತದೆ. ಎರಡೂ ಒಟ್ಟಿಗೆ ತುಂಬಿದರೆ ಟ್ಯಾಂಕರ್ ಕರೆಸದೆ ಬೇರೆ ದಾರಿಯಿಲ್ಲ. ಒಂದು ಇಟ್ಟಿಗೆ, ಒಂದು ಬೊಗಸೆ ಗಾರೆಯ ಕೆಲಸ. ಹೆಡ್ ಮಾಸ್ತರಿಗೆ ಹೇಳಿ ನಾನೇ ಮುಚ್ಚಿದೆ.

ದೊಡ್ಡ ತಪ್ಪು ಪ್ಯಾನಿನದು. ಹಾಕಿದ್ದು ಮನೆಗಳಲ್ಲಿ ಹಾಕುವ ಒರಿಸ್ಸಾ ಪ್ಯಾನು, ಕೆಳಗೆ ಆಳದ ಟ್ರ್ಯಾಪು, ಅಂದರೆ ವಾಸನೆ ಮೇಲೆ ಬರದಂತೆ ನೀರು ನಿಲ್ಲುವ ಬಾಗಿದ ಪೈಪು. ಫ್ಲಶ್ ಟ್ಯಾಂಕ್ ಇಲ್ಲ, ಬಕೆಟ್ಟಿನಿಂದಲೇ ಹೊಯ್ಯಬೇಕು. ಒಬ್ಬರಿಗೆ ಏಳೆಂಟು ಲೀಟರ್ ಹೊಯ್ಯದೆ ಅದು ಇಳಿಯುವುದಿಲ್ಲ. ರೂರಲ್ ಪ್ಯಾನ್ ಅಂತ ಬರುತ್ತದೆ, ಇಳಿಜಾರು ಜಾಸ್ತಿ, ಟ್ರ್ಯಾಪಿನಲ್ಲಿ ನಿಲ್ಲುವ ನೀರು 20 ಮಿಲಿಮೀಟರ್ ಅಷ್ಟೇ. ಒಂದೂವರೆ, ಎರಡು ಲೀಟರ್ ಸಾಕು. ಮೇಲಿರುವುದು 500 ಲೀಟರಿನ ಸಿಂಟೆಕ್ಸ್. ದಿನಕ್ಕೆ ಅರವತ್ತು ಸಲ ಬಳಸಿದರೆ ಒರಿಸ್ಸಾ ಪ್ಯಾನಿಗೇ ಅದು ಹೆಚ್ಚುಕಡಿಮೆ ಖಾಲಿ. ಮಾರ್ಚ್‌ನಲ್ಲಿ ಬಾವಿ ತಳ ಕಂಡಿತು. ಮಧ್ಯಾಹ್ನದ ಊಟದ ಹೊತ್ತಿಗೆ ನಲ್ಲಿಯಲ್ಲಿ ಗಾಳಿ ಬರುತ್ತಿತ್ತು. ಪರೀಕ್ಷೆಯ ಸಮಯ ಬೇರೆ. ಮಗಳು ಬೆಳಗ್ಗೆ ತುಂಬಿಸಿಕೊಂಡು ಹೋದ ನೀರಿನ ಬಾಟಲಿ ಸಂಜೆ ಹಾಗೇ ವಾಪಸ್ ಬರುತ್ತಿತ್ತು. ಕುಡಿದರೆ ಹೋಗಬೇಕಾಗುತ್ತದೆ ಅಲ್ವಾ ಅಪ್ಪ ಅಂದಳು. ಆ ಬೇಸಿಗೆಯಲ್ಲಿ ಮಕ್ಕಳು ನೀರು ಕುಡಿಯದೆ ಕೂರುತ್ತಾರೆ ಅಂದರೆ ನನಗೆ ತಡೆಯಲಾಗಲಿಲ್ಲ.

ಶಾಲೆಗಳ ಶೌಚಾಲಯಕ್ಕೆಂದು ಕೇಂದ್ರ ಸರ್ಕಾರ ಮಾಡಿದ ಸ್ವಚ್ಛ ವಿದ್ಯಾಲಯದ ಲೆಕ್ಕದಲ್ಲಿ 40 ಮಕ್ಕಳಿಗೆ ಒಂದು ಕಕ್ಕಸು, ಮೂರು ಮೂತ್ರಿ. ನಮ್ಮಲ್ಲಿ 84 ಹುಡುಗಿಯರಿಗೆ ಮೂರು ಕಕ್ಕಸು, ಆರು ಮೂತ್ರಿ ಇವೆ. ಕಾಗದದಲ್ಲಿ ಹೆಚ್ಚುಕಡಿಮೆ ಸರಿಯಾಗಿದೆ. ಆದರೆ ಮೂತ್ರಿಗೆ ಬಾಗಿಲಿಲ್ಲ, ನಡುವೆ ಸೊಂಟದೆತ್ತರದ ಕಡಪ ಕಲ್ಲು ನಿಲ್ಲಿಸಿದ್ದಾರೆ. ಹದಿನಾಲ್ಕು, ಹದಿನೈದು ವರ್ಷದ ಹುಡುಗಿಯರು ಅಲ್ಲಿ ಕೂರುವುದಿಲ್ಲ. ಎಲ್ಲರೂ ಕಕ್ಕಸಿಗೇ ಸಾಲು ನಿಲ್ಲುತ್ತಾರೆ. ಸಣ್ಣ ಬಿಡುವು ಹತ್ತು ನಿಮಿಷ. ಒಬ್ಬರಿಗೆ ಎರಡು ನಿಮಿಷ ಹಿಡಿದರೂ ಹದಿನೈದು ಮಕ್ಕಳು ಹೋಗಿ ಬರಬಹುದು. ಉಳಿದವರು ಬೆಲ್ಲಾದ ಮೇಲೆ ಪಾಠ ಮಾಡುವ ಅಕ್ಕೋರ ಹತ್ತಿರ ಕೇಳಬೇಕು, ಕೇಳಲು ನಾಚಿಕೆ.

ಬಾಗಿಲು ಪಿವಿಸಿಯದು. ಒಳ್ಳೆಯದೇ, ಕಡಲ ಗಾಳಿಗೆ ಕಬ್ಬಿಣ ಎರಡು ಮಳೆಗಾಲ ನಿಲ್ಲುವುದಿಲ್ಲ. ಆದರೆ ಅದಕ್ಕೆ ಹಾಕಿದ್ದು ಕಬ್ಬಿಣದ ಚಿಲಕ, ಅದೂ ಸಣ್ಣ ಸ್ಕ್ರೂನಲ್ಲಿ. ಪಿವಿಸಿ ಬಾಗಿಲು ಒಳಗೆ ಟೊಳ್ಳು, ಸ್ಕ್ರೂ ಹಿಡಿಯುವುದಿಲ್ಲ. ಆಗಸ್ಟಿನ ಹೊತ್ತಿಗೆ ಎರಡು ಚಿಲಕ ಕಿತ್ತು ಬಂದಿದ್ದವು. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕಿತ್ತು. ಗೆಳತಿ ರಜೆ ಹಾಕಿದ ದಿನ ಮಗಳು ಹೋಗುತ್ತಲೇ ಇರಲಿಲ್ಲವಂತೆ. ಇದನ್ನು ಅವಳು ಹೇಳಿದ್ದು ಅವಳ ಅಮ್ಮನಿಗೆ, ನನಗಲ್ಲ.

ಬ್ಯಾಗು, ವೇಲು ನೇತು ಹಾಕಲು ಒಂದು ಮೊಳೆಯೂ ಇರಲಿಲ್ಲ. ಶುಚಿ ಯೋಜನೆಯ ಪ್ಯಾಡ್ ಕೊಡುತ್ತಾರೆ, ಬಹಳ ಒಳ್ಳೆಯ ಕೆಲಸ. ಬಳಸಿದ್ದನ್ನು ಹಾಕಲು ಮುಚ್ಚಳದ ಡಬ್ಬಿ ಮಾತ್ರ ಇಟ್ಟಿರಲಿಲ್ಲ. ಪ್ಯಾಡ್ ಸುಡುವ ಯಂತ್ರ ಇದೆ, ಅದರ ಪಕ್ಕದಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಪಾಪ, ಮಕ್ಕಳು ಎಲ್ಲಿ ಹಾಕಬೇಕು? ಟ್ರ್ಯಾಪಿನಿಂದ ನಾನು ತಂತಿ ಹಾಕಿ ಎಳೆದು ತೆಗೆದಿದ್ದೇನೆ. ಮಕ್ಕಳನ್ನು ಬೈಯಬೇಡಿ, ಡಬ್ಬಿ ಇಡಿ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹೇಳಿದೆ. ಮರುದಿನವೇ ಡಬ್ಬಿ ಬಂತು.

ತೊಳೆಯಲು ವಾರಕ್ಕೆ ಮೂರು ದಿನ ಒಬ್ಬರು ಅಕ್ಕ ಬರುತ್ತಾರೆ. ಕೊಡುವ ಹಣ ತೀರಾ ಕಡಿಮೆ. ಆದರೂ ನೆಲ ನೋಡಿದರೆ ಅವರ ಕೆಲಸ ಗೊತ್ತಾಗುತ್ತದೆ. ಅವರ ಕೈಗೆ ಆ್ಯಸಿಡ್ ಬಾಟಲಿ ಕೊಟ್ಟಿದ್ದರು, ಪಕ್ಕದಲ್ಲೇ ಬ್ಲೀಚಿಂಗ್ ಪೌಡರ್. ಎರಡೂ ಸೇರಿದರೆ ಕ್ಲೋರಿನ್ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ. ಆ್ಯಸಿಡ್ ಟೈಲ್ಸ್ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಸೋಪಿನ ಪುಡಿ, ಗಟ್ಟಿ ಬ್ರಶ್ಶು, ಕೈಗವಸು ಸಾಕು ಎಂದು ಹೇಳಿ ಬಾಟಲಿ ತೆಗೆಸಿದೆ.

ಪ್ಯಾನ್ ಬದಲಿಸಲು ನೆಲ ಒಡೆಯಬೇಕು, ಹಣ ಬೇಕು. ಮುಂದಿನ ರಜೆಯಲ್ಲಿ ಮಾಡೋಣ ಎಂದಿದ್ದಾರೆ, ಮಜೂರಿ ಬೇಡ ಎಂದಿದ್ದೇನೆ. ಎರಡು ಬಾಗಿಲಿಗೆ ಸ್ಟೀಲಿನ ಚಿಲಕವನ್ನು ಈಚೆಯಿಂದ ಆಚೆಗೆ ಹೋಗುವ ನಟ್ಟು-ಬೋಲ್ಟು ಹಾಕಿ ಕೂರಿಸಿಯಾಗಿದೆ. ಮೂರನೆಯದರಲ್ಲಿ ಇನ್ನೂ ಹಳೆಯ ಚಿಲಕವೇ ಇದೆ, ಅದೂ ಅಲ್ಲಾಡುತ್ತಿದೆ. ಈ ಶನಿವಾರ ಶಾಲೆ ಬಿಟ್ಟ ಮೇಲೆ ಬದಲಿಸುತ್ತೇನೆ. ಹಾಕಿದ ಮೇಲೆ ಒಳಗೆ ಒಬ್ಬರು ನಿಂತು, ಹೊರಗಿನಿಂದ ಒಬ್ಬರು ತಳ್ಳಿ ನೋಡಬೇಕು. ತಳ್ಳಲು ಮಗಳು ಬರುತ್ತೇನೆ ಎಂದಿದ್ದಾಳೆ.