‘ಕಳುಹಿಸಲಾಗಿದೆ’ ಅಂತ ಬಂದ ಕೂಡಲೇ ನಂಬಬೇಡಿ: ರಿಯಲ್‌ಟೈಮ್ ಮೆಸೇಜಿಂಗ್ ಕೊಳ್ಳುವವರಿಗೆ ಎಚ್ಚರಿಕೆ

ನಿಮ್ಮ ಆ್ಯಪ್‌ಗೆ ಚಾಟ್ ಸೇರಿಸಲು ಯಾವುದಾದರೂ ರಿಯಲ್‌ಟೈಮ್ ಸರ್ವೀಸಿಗೆ, ಅಂದರೆ ಮೆಸೇಜನ್ನು ಆ ಕ್ಷಣದಲ್ಲೇ ಮುಟ್ಟಿಸುತ್ತೇವೆ ಅನ್ನುವ ಕಂಪನಿಗೆ, ದುಡ್ಡು ಕಟ್ಟಲು ಹೊರಟಿದ್ದೀರಾ? ಕಟ್ಟುವ ಮುಂಚೆ ಇದನ್ನು ಓದಿ. ಅದರಲ್ಲೂ ವರ್ಷದ ಹಣ ಮುಂಗಡ ಕಟ್ಟಿದರೆ ರಿಯಾಯಿತಿ ಅಂತ ಯಾರಾದರೂ ಅವಸರ ಮಾಡುತ್ತಿದ್ದರೆ ಖಂಡಿತ ಓದಿ. ನಾವು ಕಟ್ಟಿದೆವು. ಈಗ ಹಣವೂ ಹೋಯಿತು, ಗ್ರಾಹಕರ ಮುಂದೆ ತಲೆ ಎತ್ತಿ ನಿಲ್ಲಲು ಆಗದ ಹಾಗಾಯಿತು.

ಕಂಪನಿಯ ಹೆಸರು ಬರೆಯುವುದಿಲ್ಲ. ಅವರು ಹೇಗೆ ಮಾರುತ್ತಾರೆ, ಕೇಳಿದಾಗ ಏನು ಉತ್ತರ ಕೊಡುತ್ತಾರೆ ಅನ್ನೋದು ಗೊತ್ತಾದರೆ ಸಾಕು. ನಿಮ್ಮ ಎದುರು ಕೂತು ಇದೇ ಮಾತು ಆಡಿದಾಗ ನೀವೇ ಗುರುತಿಸುತ್ತೀರಿ.

ನಾವು ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಆ್ಯಪ್ ಮಾಡಿಕೊಟ್ಟಿದ್ದೆವು. ಬೆಳೆಗಾರರು ಮಾಲು ತಂದು ಮಂಡಿಯಲ್ಲಿ ಇಟ್ಟಿರುತ್ತಾರೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯಲ್ಲಿ ಬಗೆಗಳಿವೆ, ಒಂದೊಂದಕ್ಕೂ ಆ ದಿನದ ರೇಟು ಬೇರೆ. ಮಂಡಿಯವರು ರೇಟು ಹೇಳುತ್ತಾರೆ, ಬೆಳೆಗಾರರು ‘ಕೊಡಿ’ ಅನ್ನುತ್ತಾರೆ ಅಥವಾ ‘ಬೇಡ, ಇರಲಿ’ ಅನ್ನುತ್ತಾರೆ. ಮೊದಲು ಇದೆಲ್ಲ ಫೋನಿನಲ್ಲಿ ನಡೆಯುತ್ತಿತ್ತು. ಅದನ್ನು ಆ್ಯಪ್‌ನ ಮೆಸೇಜಿಗೆ ತಂದೆವು. ಇದು ಗುಡ್ ಮಾರ್ನಿಂಗ್ ಕಳಿಸುವ ಚಾಟ್ ಅಲ್ಲ ಅಲ್ವಾ? ‘ಬೇಡ’ ಅನ್ನುವ ಒಂದು ಪದದಲ್ಲಿ ಒಂದು ಮನೆಯ ವರ್ಷದ ಆದಾಯ ಇರುತ್ತದೆ.

ಇಷ್ಟನ್ನೂ ಕೊಳ್ಳುವ ಮುಂಚೆಯೇ ಅವರ ಸೇಲ್ಸ್‌ನವರಿಗೆ ಹೇಳಿದ್ದೆವು. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಸಿಗ್ನಲ್ ಹೇಗಿರುತ್ತದೆ ಅಂತಲೂ ಹೇಳಿದ್ದೆವು. ತೋಟದಲ್ಲಿ ಒಂದು ಕಡ್ಡಿ ಬರುತ್ತದೆ, ಮನೆಯೊಳಗೆ ಹೋದರೆ ಅದೂ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುತ್ತದೆ. ಬಂದಿದ್ದವರು ಕನ್ನಡದವರೇ. ನಗುತ್ತಾ ಹೇಳಿದರು: “ಸರ್, ನಮ್ಮ ಲೈಬ್ರರಿ ಹಾಕಿ ಮರೆತುಬಿಡಿ. ನೆಟ್ ಕಟ್ ಆದ್ರೂ ಒಂದೇ ಒಂದು ಮೆಸೇಜ್ ಕಳೆದುಹೋಗಲ್ಲ. ಗ್ಯಾರಂಟಿ ಡೆಲಿವರಿ ಸರ್.” ಲೈಬ್ರರಿ ಅಂದರೆ ನಮ್ಮ ಆ್ಯಪ್‌ನೊಳಗೆ ಸೇರಿಸಿಕೊಳ್ಳುವ ಅವರ ಸಿದ್ಧ ಕೋಡ್. ಗ್ಯಾರಂಟಿ ಅನ್ನುವ ಪದ ಅವರ ಸ್ಲೈಡಿನಲ್ಲೂ ಇತ್ತು, ದೊಡ್ಡ ಅಕ್ಷರದಲ್ಲಿ. ಪಕ್ಕದಲ್ಲಿ 99.99 ಪರ್ಸೆಂಟ್ ಅಂತ ಇನ್ನೂ ದೊಡ್ಡದಾಗಿ.

ಡೆಮೊ ತೋರಿಸಿದ್ದು ಅವರ ಬೆಂಗಳೂರು ಆಫೀಸಿನ ವೈಫೈಯಲ್ಲಿ. ಎರಡು ಫೋನು ಅಕ್ಕಪಕ್ಕ. ಇದರಲ್ಲಿ ಒತ್ತಿದರೆ ಅದರಲ್ಲಿ ಟಕ್ ಅಂತ ಬರುತ್ತಿತ್ತು. ಅದು ಬರದೆ ಇನ್ನೇನು?

ಕೆಲವು ವಾರ ಎಲ್ಲಾ ಚೆನ್ನಾಗಿತ್ತು. ಆಮೇಲೆ ಒಬ್ಬ ಬೆಳೆಗಾರರು ಫೋನ್ ಹಿಡಿದುಕೊಂಡು ಸೀದಾ ಮಂಡಿಗೇ ಬಂದರು. ಬೆಳಿಗ್ಗೆ ‘ಒಳ್ಳೆ ರೇಟ್ ಬಂದ್ರೆ ಕೊಡಿ’ ಅಂದಿದ್ದರು. ಮಧ್ಯಾಹ್ನ ಮನಸ್ಸು ಬದಲಾಯಿಸಿ ‘ಬೇಡ, ಇವತ್ತು ಕೊಡಬೇಡಿ’ ಅಂತ ಕಳಿಸಿದ್ದರು. ಅವರ ಫೋನಿನಲ್ಲಿ ಟಿಕ್ ಮಾರ್ಕು ಇದೆ, ಕೆಳಗೆ ‘ಕಳುಹಿಸಲಾಗಿದೆ’ ಅಂತ ಇದೆ. ಮಂಡಿಯ ಕಂಪ್ಯೂಟರಿನಲ್ಲಿ ಆ ಮೆಸೇಜೇ ಇಲ್ಲ. ಮಾಲು ಮಾರಾಟ ಆಗಿತ್ತು. ಮರುದಿನ ರೇಟು ಏರಿತ್ತು.

ಮಂಡಿ ಯಜಮಾನರು ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: “ಏನ್ ಮಾರಾಯ್ರೇ ಇದು, ಇಷ್ಟು ವರ್ಷದ ಗಿರಾಕಿ ಮುಂದೆ ನನ್ನ ಸುಳ್ಳುಗಾರ ಮಾಡಿಬಿಟ್ರಲ್ಲ.” ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಬೆಳೆಗಾರರು ಪಕ್ಕದಲ್ಲೇ ನಿಂತಿದ್ದರು, ಅವರ ದನಿಯೂ ಕೇಳಿಸುತ್ತಿತ್ತು. “ಟಿಕ್ ಬಂದಿದೆ ನೋಡಿ, ಟಿಕ್ ಬಂದಿದೆ” ಅಂತಲೇ ಹೇಳುತ್ತಿದ್ದರು.

ಅವರು ಹೇಳಿದ್ದು ನಿಜ. ಟಿಕ್ ಬಂದಿತ್ತು. ಲೈಬ್ರರಿ ‘ಸಕ್ಸೆಸ್’ ಅಂತ ಹೇಳಿದ ಮೇಲೆಯೇ ನಮ್ಮ ಕೋಡ್ ಟಿಕ್ ಹಾಕುತ್ತಿತ್ತು.

ಸಪೋರ್ಟಿಗೆ ಬರೆದೆವು. ಮೊದಲ ಉತ್ತರ: ಲೈಬ್ರರಿಯ ಹೊಸ ಆವೃತ್ತಿ ಹಾಕಿ ನೋಡಿ. ಹಾಕಿದೆವು, ಬದಲಾಗಲಿಲ್ಲ. ಎರಡನೆಯ ಉತ್ತರ: ಇದು ಬಳಕೆದಾರರ ನೆಟ್‌ವರ್ಕ್ ಸಮಸ್ಯೆ, ನಮ್ಮ ಕಡೆ ಎಲ್ಲಾ ಸರಿ ಇದೆ. ಬಳಕೆದಾರರ ನೆಟ್‌ವರ್ಕ್ ಸಮಸ್ಯೆ! ಅದಕ್ಕಾಗಿ ತಾನೇ ನಿಮಗೆ ದುಡ್ಡು ಕೊಟ್ಟಿದ್ದು? ನೆಟ್‌ವರ್ಕ್ ಚೆನ್ನಾಗಿದ್ದರೆ ಬ್ರೌಸರಿನಲ್ಲೇ ಇರುವ ವೆಬ್‌ಸಾಕೆಟ್, ಅಂದರೆ ಸರ್ವರಿನ ಜೊತೆ ತೆರೆದೇ ಇರುವ ಸಂಪರ್ಕ, ಸಾಕಾಗುತ್ತಿತ್ತು. 2011ರಿಂದ ಅದು ಎಲ್ಲರಿಗೂ ತೆರೆದಿರುವ ಸ್ಟ್ಯಾಂಡರ್ಡ್, ಒಂದು ಪೈಸೆ ಕೊಡಬೇಕಿಲ್ಲ. ಸಂಪರ್ಕ ಕಡಿದರೆ ಮತ್ತೆ ತಾನಾಗಿ ಕಟ್ಟಿಕೊಳ್ಳುವುದು, ಮಧ್ಯೆ ತಪ್ಪಿಹೋದದ್ದನ್ನು ತಂದುಕೊಡುವುದು ಅದರಲ್ಲಿ ಇಲ್ಲ. ಆ ಕೆಲಸಕ್ಕೆ ಅಂತಲೇ ಜನ ಲೈಬ್ರರಿ ಕೊಳ್ಳುವುದು.

ಕೊನೆಗೆ ನಾವೇ ಪರೀಕ್ಷೆ ಮಾಡಿದೆವು. ಆಫೀಸಿನ ರೂಟರಿಗೆ ಹೊರಗಿನಿಂದ ಬರುವ ಇಂಟರ್ನೆಟ್ ಕೇಬಲ್ ಕಿತ್ತೆವು. ರೂಟರ್ ಆಫ್ ಮಾಡಲಿಲ್ಲ. ಫೋನಿಗೆ ವೈಫೈ ಇನ್ನೂ ಇದೆ ಅಂತಲೇ ಅನ್ನಿಸುತ್ತಿತ್ತು, ಆದರೆ ಹೊರಗೆ ದಾರಿ ಇಲ್ಲ. ಒಂದು ಮೆಸೇಜ್ ಟೈಪ್ ಮಾಡಿ ಕಳಿಸಿದೆವು. ತಕ್ಷಣ ‘ಸಕ್ಸೆಸ್’ ಬಂತು. ಕೇಬಲ್ ನನ್ನ ಕೈಯಲ್ಲಿದೆ, ಆಚೆ ಪ್ರಪಂಚಕ್ಕೆ ಒಂದು ಅಕ್ಷರವೂ ಹೋಗಿಲ್ಲ, ಲೈಬ್ರರಿ ‘ಸಕ್ಸೆಸ್’ ಅನ್ನುತ್ತಿದೆ. ಇನ್ನೊಂದು ಕಳಿಸಿದೆವು. ಅದೂ ‘ಸಕ್ಸೆಸ್’. ಸ್ವಲ್ಪ ಹೊತ್ತು ಬಿಟ್ಟು ಕೇಬಲ್ ಚುಚ್ಚಿದೆವು. ಸಂಪರ್ಕ ಮತ್ತೆ ಬಂತು. ಆ ಎರಡು ಮೆಸೇಜ್ ಬರಲೇ ಇಲ್ಲ. ಎರರ್ ಕೂಡ ಇಲ್ಲ. ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಮೈಯೆಲ್ಲಾ ಉರಿಯಿತು. ಆ ಬೆಳೆಗಾರರಿಗೆ ಆಗಿದ್ದು ಇದೇ. ಇನ್ನೆಷ್ಟು ಜನರಿಗೆ ಆಗಿದೆಯೋ, ಎರರ್ ಇಲ್ಲದ ಮೇಲೆ ಹುಡುಕುವುದಾದರೂ ಎಲ್ಲಿ?

ಯಾಕೆ ಹೀಗೆ ಅಂತ ಹೇಳಿಬಿಡುತ್ತೇನೆ, ನಿಮಗೆ ಬೇಕಾಗುತ್ತದೆ. ಟವರ್ ಹೋದಾಗ ಸಂಪರ್ಕ ಸತ್ತಿದೆ ಅಂತ ಎಷ್ಟೋ ಸಲ ಫೋನಿಗೆ ಕೂಡಲೇ ಗೊತ್ತಾಗುವುದಿಲ್ಲ. ಕಳಿಸಿದ್ದನ್ನೆಲ್ಲ ಫೋನ್ ತನ್ನದೇ ಬಫರಿನಲ್ಲಿ, ಅಂದರೆ ತಾತ್ಕಾಲಿಕ ಜಾಗದಲ್ಲಿ, ಇಟ್ಟುಕೊಳ್ಳುತ್ತದೆ. ಲೈಬ್ರರಿಗಳು ಆಗಾಗ ಪಿಂಗ್, ಅಂದರೆ ‘ಇದ್ದೀಯಾ’ ಅಂತ ಕೇಳುವ ಸಣ್ಣ ಸಂದೇಶ, ನೋಡಿ, ಉತ್ತರ ತಪ್ಪಿದರೆ ಆಗ ‘ಸಂಪರ್ಕ ಹೋಗಿದೆ’ ಅಂತ ತೀರ್ಮಾನಿಸುತ್ತವೆ. ಉದಾಹರಣೆಗೆ ಉಚಿತವಾಗಿ ಸಿಗುವ ಸಾಕೆಟ್.ಐಒ ಅನ್ನುವ ಲೈಬ್ರರಿಯ ನಾಲ್ಕನೇ ಆವೃತ್ತಿಯಲ್ಲಿ, ನೀವು ಬದಲಾಯಿಸದಿದ್ದರೆ, 25 ಸೆಕೆಂಡಿಗೆ ಒಂದು ಪಿಂಗ್, ಅದರ ಉತ್ತರಕ್ಕೆ 20 ಸೆಕೆಂಡು ಕಾಯುವಿಕೆ. ಅಂದರೆ ಮುಕ್ಕಾಲು ನಿಮಿಷದವರೆಗೂ ಸತ್ತ ಸಂಪರ್ಕ ಬದುಕಿರುವಂತೆಯೇ ಕಾಣಬಹುದು. ಆ ಹೊತ್ತಿನಲ್ಲಿ ಬರೆದದ್ದು ಆ ಕಡೆ ಮುಟ್ಟಿತಾ ಅಂತ ತಿಳಿಯಲು ಸರ್ವರ್ ‘ಸಿಕ್ಕಿತು’ ಅಂತ ವಾಪಸ್ ಹೇಳಬೇಕು. ಬೇರೆ ದಾರಿಯೇ ಇಲ್ಲ. ಇವರ ಲೈಬ್ರರಿ ಅದಕ್ಕೆ ಕಾಯುತ್ತಲೇ ಇರಲಿಲ್ಲ. ಕಾಗದವನ್ನು ತನ್ನ ಜೇಬಿಗೆ ಹಾಕಿಕೊಂಡು ‘ಅಂಚೆಗೆ ಹಾಕಿದೆ’ ಅಂದ ಹಾಗೆ ಇದು.

ಪರೀಕ್ಷೆಯ ವಿಡಿಯೊ ಮಾಡಿ ಕಳಿಸಿದೆವು. ಈಗೇನು ಹೇಳುತ್ತಾರೆ ನೋಡೋಣ ಅಂತ ಕಾದೆವು. ಬಂದ ಉತ್ತರದ ಸಾರ ಇದು: “ಈ ವರ್ತನೆ ನಿರೀಕ್ಷಿತವೇ. ಸಕ್ಸೆಸ್ ಅಂದರೆ ಮೆಸೇಜನ್ನು ಲೈಬ್ರರಿ ಸ್ವೀಕರಿಸಿದೆ ಎಂದು ಅರ್ಥ, ಸರ್ವರ್ ಸ್ವೀಕರಿಸಿದೆ ಎಂದಲ್ಲ.” ಓದಿ ಓದಿ ನೋಡಿದೆ. ಲೈಬ್ರರಿ ಸ್ವೀಕರಿಸಿದೆಯಂತೆ. ಲೈಬ್ರರಿ ನಮ್ಮ ಫೋನಿನಲ್ಲೇ ಇದೆ ಅಲ್ವಾ? ಹಾಗಾದರೆ ಗ್ಯಾರಂಟಿ ಡೆಲಿವರಿ ಅಂದಿರಲ್ಲ ಅಂತ ಕೇಳಿದರೆ, ಅದು ಮೇಲಿನ ಪ್ಲಾನಿನಲ್ಲಿ ಮಾತ್ರ ಇದೆಯಂತೆ. ತಪ್ಪಿಹೋದ ಮೆಸೇಜ್ ಮತ್ತೆ ತರಿಸಿಕೊಳ್ಳುವುದೂ ಆ ಪ್ಲಾನಿನಲ್ಲೇ. ಅದರ ಬೆಲೆ ನಮ್ಮದಕ್ಕಿಂತ ಎಷ್ಟೋ ಪಟ್ಟು. ಆ ಮೇಲ್‌ನ ಕೆಳಗೇ ‘ಅಪ್‌ಗ್ರೇಡ್ ಮಾಡಿ’ ಅಂತ ಬಟನ್ ಇತ್ತು. ಒಬ್ಬ ರೈತನ ಮಾಲು ಹೋಗಿದೆ ಅಂತ ಬರೆದ ಮೇಲ್‌ಗೆ ಬಟನ್ ಇಟ್ಟು ಉತ್ತರ ಕೊಟ್ಟರು.

ಸೇಲ್ಸ್‌ನವರಿಗೆ ಫೋನ್ ಮಾಡಿದೆ. “ಸರ್, ನಾನು ಪ್ಲಾಟ್‌ಫಾರ್ಮ್ ಬಗ್ಗೆ ಹೇಳಿದ್ದು, ನಿಮ್ಮ ಪ್ಲಾನ್ ಬಗ್ಗೆ ಅಲ್ಲ” ಅಂದರು. ನಮ್ಮ ಪ್ಲಾನಿನ ದುಡ್ಡು ತೆಗೆದುಕೊಳ್ಳುವಾಗ ಯಾವ ಪ್ಲಾಟ್‌ಫಾರ್ಮ್ ಬಗ್ಗೆ ಮಾತಾಡುತ್ತಿದ್ದರು? 99.99 ಬಗ್ಗೆ ಕೇಳಿದೆ. ಅದು ಅವರ ಸರ್ವರ್ ಚಾಲೂ ಇರುವ ಹೊತ್ತಿನ ಲೆಕ್ಕವಂತೆ. ವರ್ಷಕ್ಕೆ ಹೆಚ್ಚೆಂದರೆ 53 ನಿಮಿಷ ನಿಲ್ಲಬಹುದು ಅನ್ನೋ ಮಾತು ಅಷ್ಟೇ. ನಿಮ್ಮ ಮೆಸೇಜ್ ಮುಟ್ಟುತ್ತದೋ ಇಲ್ಲವೋ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಸ್ಲೈಡಿನಲ್ಲಿ ಎರಡನ್ನೂ ಅಕ್ಕಪಕ್ಕ ಇಡುತ್ತಾರೆ. ನೋಡಿದವರು ಏನಂದುಕೊಳ್ಳುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಬಿಲ್ಲಿನ ಕತೆ ಇನ್ನೊಂದು. ನಾವು ಮೆಸೇಜ್ ಅಂದರೆ ಒಬ್ಬರು ಕಳಿಸಿದ್ದು ಅಂದುಕೊಳ್ಳುತ್ತೇವೆ. ಅವರ ಲೆಕ್ಕ ಹಾಗಲ್ಲ. ಒಂದು ಚಾನೆಲ್‌ನಲ್ಲಿ, ಅಂದರೆ ಒಂದು ಗುಂಪಿನಲ್ಲಿ, 200 ಜನ ಇದ್ದರೆ, ಕಳಿಸಿದ್ದು ಒಂದು, ತಲುಪಿಸಿದ್ದು 200, ಎಲ್ಲಾ ಸೇರಿಸಿ ಬಿಲ್ಲು. ಇದು ಈ ವ್ಯಾಪಾರದಲ್ಲಿ ಹಲವರು ಮಾಡುವುದೇ, ಇರಲಿ. ಯಾರು ಆನ್‌ಲೈನ್ ಇದ್ದಾರೆ ಅಂತ ತೋರಿಸುವ ಹಸಿರು ಚುಕ್ಕೆ ಇದೆಯಲ್ಲ, ಅದೂ ಮೆಸೇಜ್. ಒಬ್ಬರ ಸಿಗ್ನಲ್ ಹೋದರೆ ‘ಹೋದರು’ ಅಂತ ಉಳಿದ ಎಲ್ಲರಿಗೂ ಒಂದೊಂದು. ವಾಪಸ್ ಬಂದರೆ ‘ಬಂದರು’ ಅಂತ ಎಲ್ಲರಿಗೂ ಮತ್ತೊಂದೊಂದು. ಒಬ್ಬರು ತೋಟಕ್ಕೆ ಹೋಗಿ ಬಂದರೆ ಸುಮಾರು 400 ಮೆಸೇಜಿನ ಬಿಲ್ಲು. ಯಾರೂ ಒಂದು ಅಕ್ಷರ ಟೈಪ್ ಮಾಡಿಲ್ಲ. ಅಂದರೆ ನೆಟ್‌ವರ್ಕ್ ಕೆಟ್ಟಷ್ಟೂ ಅವರಿಗೆ ಆದಾಯ ಜಾಸ್ತಿ. ಮಲೆನಾಡಿನ ಮಳೆಗಾಲದಲ್ಲಿ ಬಿಲ್ಲು ಹೇಗೆ ಏರಿತು ಅಂತ ನೀವೇ ಊಹಿಸಿ. ‘ಬೇಡ’ ಅನ್ನುವ ಮೆಸೇಜ್ ಮುಟ್ಟಿಸಲಿಲ್ಲ, ಹಸಿರು ಚುಕ್ಕೆಗೆ ಮಾತ್ರ ತಪ್ಪದೆ ದುಡ್ಡು ಎಣಿಸಿಕೊಂಡರು.

ಎಲ್ಲಾ ಲೈಬ್ರರಿಗಳೂ ಮೋಸ ಅಂತ ನಾನು ಹೇಳುತ್ತಿಲ್ಲ. ಸಾಕೆಟ್.ಐಒ ಕೂಡ ಏನೂ ಬದಲಾಯಿಸದೆ ಹಾಗೇ ಬಿಟ್ಟರೆ ಮೆಸೇಜನ್ನು ಹೆಚ್ಚೆಂದರೆ ಒಂದು ಸಲ ತಲುಪಿಸುತ್ತದೆ, ತಲುಪದೆಯೂ ಇರಬಹುದು. ಆದರೆ ಅದನ್ನು ಅವರ ಕೈಪಿಡಿಯಲ್ಲೇ ನೇರವಾಗಿ ಬರೆದಿದ್ದಾರೆ. ಸರ್ವರಿನಿಂದ ಉತ್ತರ ಕೇಳುವ ದಾರಿ ಇದೆ, 2023ರಲ್ಲಿ ಬಂದ 4.6 ಆವೃತ್ತಿಯಿಂದ ಮತ್ತೆ ಪ್ರಯತ್ನಿಸುವ ಸೌಲಭ್ಯವೂ ಇದೆ. ಎಂಕ್ಯೂಟಿಟಿ ಅನ್ನುವ ಇನ್ನೊಂದು ಮೆಸೇಜಿಂಗ್ ಪದ್ಧತಿಯಲ್ಲಿ ಇದಕ್ಕೆ ಮೂರು ಮಟ್ಟ ಇಟ್ಟಿದ್ದಾರೆ: ಸೊನ್ನೆ ಅಂದರೆ ಕಳಿಸಿ ಮರೆತುಬಿಡುವುದು, ಒಂದು ಅಂದರೆ ಉತ್ತರ ಬರುವವರೆಗೂ ಕಳಿಸಿದವನೇ ಮೆಸೇಜನ್ನು ಇಟ್ಟುಕೊಳ್ಳುವುದು, ಎರಡು ಅಂದರೆ ಸರಿಯಾಗಿ ಒಂದೇ ಸಲ ಮುಟ್ಟಿಸುವುದು. ದೂರದ ಪೈಪ್‌ಲೈನುಗಳ ಮಾಹಿತಿಯನ್ನು ಉಪಗ್ರಹದ ಮೂಲಕ ತರಿಸಲು 1999ರಲ್ಲೇ ಎಂಕ್ಯೂಟಿಟಿಯನ್ನು ಮಾಡಿದ್ದು. ಸಂಪರ್ಕ ಕಡಿಯುತ್ತದೆ ಅಂತ ಮೊದಲೇ ಒಪ್ಪಿಕೊಂಡು ಮಾಡಿದವರು ಅವರು. ನಮಗೆ ಬೇಕಿದ್ದದ್ದು ಆ ಪ್ರಾಮಾಣಿಕತೆ. ‘ಈ ಪ್ಲಾನಿನಲ್ಲಿ ಮೆಸೇಜ್ ಕಳೆದುಹೋಗಬಹುದು’ ಅಂತ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು.

ಈಗ ನಾವು ಮಾಡಿಕೊಂಡಿರುವುದು ಇದು. ಮೆಸೇಜ್ ಮೊದಲು ನಮ್ಮ ಸರ್ವರಿಗೆ ವೆಬ್ ಪುಟ ತೆರೆಯಲು ಬಳಸುವ ಸಾದಾ ಎಚ್‌ಟಿಟಿಪಿಯಲ್ಲಿ ಹೋಗುತ್ತದೆ. ಪ್ರತಿ ಮೆಸೇಜಿಗೂ ಫೋನೇ ಒಂದು ಗುರುತು ಕೊಡುತ್ತದೆ, ಹಾಗಾಗಿ ಎರಡು ಸಲ ಬಂದರೂ ಒಂದೇ ಅಂತ ಗೊತ್ತಾಗುತ್ತದೆ. ಡೇಟಾಬೇಸಿನಲ್ಲಿ ಬರೆದಾದ ಮೇಲೆ ಕ್ರಮಸಂಖ್ಯೆ ವಾಪಸ್ ಬರುತ್ತದೆ. ಆಗ ಮಾತ್ರ ಟಿಕ್. ಸಂಪರ್ಕ ಹೋಗಿ ಬಂದರೆ ‘ನನ್ನ ಹತ್ತಿರ ಇಲ್ಲಿಯವರೆಗೆ ಇದೆ, ಮುಂದಿನದು ಕೊಡಿ’ ಅಂತ ಫೋನ್ ಕೇಳುತ್ತದೆ. ಸಾಕೆಟ್ ಇರುವುದು ‘ಹೊಸದು ಬಂದಿದೆ’ ಅಂತ ತಿಳಿಸಲು ಮಾತ್ರ. ಸ್ಕ್ರೀನ್ ಆಫ್ ಆಗಿ ಫೋನ್ ಸುಮ್ನೆ ಬಿದ್ದಿದ್ದರೆ ಆ್ಯಂಡ್ರಾಯ್ಡ್ ನೆಟ್‌ವರ್ಕನ್ನೇ ತಡೆಯುತ್ತದೆ, 2015ರ 6.0 ಆವೃತ್ತಿಯಿಂದ ಹಾಗೆ. ಅದಕ್ಕೆ ಪುಶ್ ನೋಟಿಫಿಕೇಶನ್ ಬೇಕೇ ಬೇಕು. “ಬ್ಯಾಕ್‌ಗ್ರೌಂಡಲ್ಲೂ ನಮ್ಮ ಸಾಕೆಟ್ ಜೀವಂತ ಇರುತ್ತೆ” ಅಂತ ಇವರು ಹೇಳಿದ್ದೂ ಸುಳ್ಳಾಯಿತು.

ಕೊಳ್ಳುವ ಮುಂಚೆ ಅವರ ಮುಂದೆಯೇ ಕೇಬಲ್ ಕಿತ್ತು ಪರೀಕ್ಷೆ ಮಾಡಿಸಿ. ಏರೋಪ್ಲೇನ್ ಮೋಡ್ ಹಾಕಿ ತೋರಿಸಿದರೆ ಒಪ್ಪಬೇಡಿ, ಆಗ ಫೋನಿಗೆ ಸಂಪರ್ಕ ಹೋದದ್ದು ಕೂಡಲೇ ಗೊತ್ತಾಗುತ್ತದೆ, ಲೈಬ್ರರಿ ಸರಿಯಾಗೇ ನಡೆದುಕೊಳ್ಳುತ್ತದೆ. ವೈಫೈ ಇದ್ದು ಇಂಟರ್ನೆಟ್ ಇಲ್ಲದ ಸ್ಥಿತಿಯಲ್ಲಿ ಕಳಿಸಿ ನೋಡಿ. ‘ಸಕ್ಸೆಸ್ ಅಂದರೆ ಯಾರು ಸ್ವೀಕರಿಸಿದ್ದು’ ಅಂತ ಬರಹದಲ್ಲಿ ಕೇಳಿ. ಯಾವ ಪ್ಲಾನಿನಲ್ಲಿ ಏನು ಸಿಗುತ್ತದೆ ಅನ್ನೋದನ್ನೂ ಬರಹದಲ್ಲೇ ಕೇಳಿ. ಬಾಯಿಮಾತಿಗೆ ಒಂದು ರೂಪಾಯಿಯೂ ಕೊಡಬೇಡಿ. ಮುಂಗಡ ವರ್ಷದ ಹಣವಂತೂ ಬೇಡವೇ ಬೇಡ.

ಆ ಬೆಳೆಗಾರರಿಗೆ ಆದ ವ್ಯತ್ಯಾಸದ ಹಣವನ್ನು ಮಂಡಿಯವರೂ ನಾವೂ ಸೇರಿ ಕೊಟ್ಟೆವು. ಕಂಪನಿಯವರಿಗೆ ಉಳಿದ ತಿಂಗಳುಗಳ ದುಡ್ಡು ವಾಪಸ್ ಕೊಡಿ ಅಂತ ಬರೆದಿದ್ದೆವು. ಷರತ್ತಿನ ಪ್ರಕಾರ ಮುಂಗಡ ಹಣ ವಾಪಸ್ ಇಲ್ಲ ಅಂತ ಒಂದೇ ಸಾಲಿನ ಉತ್ತರ ಕೊಟ್ಟು ನಮ್ಮ ದೂರಿನ ಟಿಕೆಟ್ ಮುಚ್ಚಿದರು. ಜೊತೆಗೆ ‘ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ’ ಅಂತ ಇನ್ನೊಂದು ಮೇಲ್ ಬಂತು. ನಿಮ್ಮಲ್ಲಿ ಯಾರಾದರೂ ಬೇರೆ ಲೈಬ್ರರಿಗೆ ಈ ಕೇಬಲ್ ಪರೀಕ್ಷೆ ಮಾಡಿದ್ದರೆ ಏನಾಯಿತು ಅಂತ ದಯವಿಟ್ಟು ಬರೆಯಿರಿ, ಪಾಸಾದದ್ದನ್ನೂ ಬರೆಯಿರಿ.