ತಾರೀಖಿನ ಕೆಳಗೆ ವಿಷಯವೋ, ವಿಷಯದ ಕೆಳಗೆ ತಾರೀಖೋ?

"ಹೋದ ಸಲ ರಿವೈಂಡಿಂಗ್ ಮಾಡ್ಸಿದ್ದು ಯಾವಾಗ ಸಾರ್?"

ಬೋರ್‌ವೆಲ್ ಮೋಟರನ್ನು ಮೇಲೆತ್ತಿ ಅಂಗಳದಲ್ಲಿ ಮಲಗಿಸಿದ ಮೆಕ್ಯಾನಿಕ್ ಹೀಗೆ ಕೇಳಿದರು. ನಾನು ದಿನಾ ಡೈರಿ ಬರೆಯುವವನು, ಅದೂ ಕಂಪ್ಯೂಟರಿನಲ್ಲಿ. ಒಂದು ನಿಮಿಷ ಇರಿ ಎಂದು ಒಳಗೆ ಹೋದವನು ಹೊರಗೆ ಬಂದದ್ದು ಇಪ್ಪತ್ತು ನಿಮಿಷದ ಮೇಲೆ. ಅಷ್ಟರಲ್ಲಿ ಅವರು ಟೀ ಕುಡಿದು, ಲೋಟ ತೊಳೆದೂ ಇಟ್ಟಿದ್ದರು.

ಬರೆದದ್ದೆಲ್ಲ ಇತ್ತು. ಸಿಗಲಿಲ್ಲ ಅಷ್ಟೇ. ಆಮೇಲೆ ಒಂದು ವರ್ಷ ನಾಲ್ಕು ಬಗೆಯಲ್ಲಿ ಬರೆದು ನೋಡಿದೆ. ನಾಲ್ಕೂ ಬರೀ ಟೆಕ್ಸ್ಟ್ ಫೈಲ್. ಯಾವ ಸಾಫ್ಟ್‌ವೇರ್ ಮುಚ್ಚಿಹೋದರೂ ಇನ್ನೊಂದರಲ್ಲಿ ತೆರೆಯಬೇಕು, ಅದೊಂದೇ ಷರತ್ತು.

ಮೊದಲನೆಯದು ವಿಂಡೋಸಿನ ನೋಟ್‌ಪ್ಯಾಡ್. ಫೈಲಿನ ಮೊದಲ ಸಾಲಿನಲ್ಲಿ ಒಂದು ಚುಕ್ಕೆ, ಅದಕ್ಕಂಟಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಲಾಗ್ ಎಂದು ಬರೆದು ಸೇವ್ ಮಾಡಿ. ಆಮೇಲೆ ಆ ಫೈಲ್ ತೆರೆದಾಗಲೆಲ್ಲ ಕೊನೆಯಲ್ಲಿ ಆ ಹೊತ್ತಿನ ತಾರೀಖು, ಸಮಯ ತಾನಾಗಿ ಬಂದು ಕೂರುತ್ತದೆ. ನಡುವೆ ಬೇಕಾದರೆ ಎಫ್5 ಒತ್ತಿದರಾಯಿತು. ಬರೆಯುವುದಕ್ಕೆ ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ. ಆದರೆ ಬೇಡದ ಸಾಲುಗಳನ್ನು ಮಡಚಿ ಮುಚ್ಚಿಡುವ ಹಾಗಿಲ್ಲ. ಎರಡು ತಿಂಗಳಲ್ಲಿ ಅದು ಉದ್ದನೆಯ ಕಿರಾಣಿ ಚೀಟಿ ಆಯಿತು. ಬಿಟ್ಟೆ.

ಎರಡನೆಯದು ದಿನಕ್ಕೊಂದು ಫೈಲ್. ಲಾಗ್‌ಸೀಕ್ ಎಂಬ ಟಿಪ್ಪಣಿ ಸಾಫ್ಟ್‌ವೇರ್ ಮಾಡುವುದೂ ಇದನ್ನೇ: ಜರ್ನಲ್ಸ್ ಎಂಬ ಫೋಲ್ಡರಿನಲ್ಲಿ ದಿನಕ್ಕೊಂದು ಮಾರ್ಕ್‌ಡೌನ್ ಫೈಲ್ (ಅದೂ ಬರೀ ಟೆಕ್ಸ್ಟೇ), ಒಳಗೆ ಚುಕ್ಕೆ ಚುಕ್ಕೆಯ ಸಾಲು. ನಾನು ಮೊದಲು ಕೈಯಿಂದಲೇ ಮಾಡಿದೆ. ಶುರುವಿನಲ್ಲಿ ಒಂದು ಪೆದ್ದುತನವೂ ಆಯಿತು. ಕನ್ನಡದ ಡೈರಿ ಅಲ್ವಾ ಎಂದು ಫೈಲಿಗೆ 'ಜನವರಿ 5' ಎಂಬಂಥ ಹೆಸರಿಟ್ಟೆ. ಕಂಪ್ಯೂಟರ್ ಅಕ್ಷರಮಾಲೆಯಂತೆ ಜೋಡಿಸಿತು: ಮೊದಲು ಅಕ್ಟೋಬರ್, ಆಮೇಲೆ ಆಗಸ್ಟ್, ಏಪ್ರಿಲ್, ನಾಲ್ಕನೆಯದಾಗಿ ಜನವರಿ! ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2024-01-05 ಎಂದು ಬರೆದರೆ ಮಾತ್ರ ದಿನಗಳು ಸಾಲಾಗಿ ನಿಲ್ಲುತ್ತವೆ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದಿದೆ. ಹೆಸರಿನಲ್ಲಿ 06-05 ಎಂದು ಹುಡುಕಿದರೆ ಎಲ್ಲ ವರ್ಷಗಳ ಜೂನ್ 5 ಒಟ್ಟಿಗೆ ಬರುತ್ತದೆ. ಮಳೆ ಯಾವ ವರ್ಷ ಯಾವಾಗ ಹಿಡಿಯಿತು ಎಂದು ನೋಡಲು ಇದು ಒಳ್ಳೆಯದು.

ಆದರೆ ಮೋಟರ್? ಫೋಲ್ಡರನ್ನೆಲ್ಲ ಜಾಲಾಡಬೇಕು. ಕನ್ನಡದಲ್ಲಿ ಬರೆಯುವವರಿಗೆ ನಿಜವಾದ ತೊಂದರೆ ಇರುವುದು ಇಲ್ಲೇ. ನಾನು ಕೆಲವು ದಿನ ಮೋಟರ್ ಎಂದಿದ್ದೆ, ಕೆಲವು ದಿನ ಮೋಟಾರ್, ಮೋಟಾರು. 'ಬೋರ್‌ವೆಲ್' ಎಂದು ಬಿಡಿಸಿ ತೋರಿಸಲು ರ್ ಮತ್ತು ವ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತದೆ. ಫೋನಿನ ಕೀಬೋರ್ಡಿನಲ್ಲಿ ಅದನ್ನು ಬಿಟ್ಟಾಗ 'ಬೋರ್ವೆಲ್' ಆಗಿದೆ. ಓದುವ ನಮಗೆ ಎರಡೂ ಒಂದೇ, ಹುಡುಕುವ ಪ್ರೋಗ್ರಾಮಿಗೆ ಬೇರೆ ಬೇರೆ. ಅವತ್ತಿನ ಇಪ್ಪತ್ತು ನಿಮಿಷ ಹೋದದ್ದು ಇದರಲ್ಲೇ. ಲಾಗ್‌ಸೀಕಿನಲ್ಲಿ ಜೋಡಿ ಚೌಕ ಕಂಸದೊಳಗೆ ವಿಷಯದ ಹೆಸರು ಹಾಕಿದರೆ, ಅದು ಬಂದ ದಿನಗಳೆಲ್ಲ ಒಂದು ಪುಟದಲ್ಲಿ ಸೇರುತ್ತವೆ. ಚೆನ್ನಾಗಿದೆ. ಆದರೆ ಪ್ರತಿ ಸಲವೂ ಕಂಸ ಹಾಕಲು ನೆನಪಿರಬೇಕು. ನನಗಿರಲಿಲ್ಲ.

ವಿಮ್ ಎಂಬ ಟೆಕ್ಸ್ಟ್ ಎಡಿಟರನ್ನೂ ಒಂದು ದಿನ ನೋಡಿದೆ. ನನ್ನ ಟರ್ಮಿನಲ್ಲಿನಲ್ಲಿ ಒತ್ತಕ್ಷರಗಳು ದಿಕ್ಕಾಪಾಲಾದವು. ಲೆಕ್ಕಕ್ಕಿಲ್ಲ.

ಮೂರನೆಯದು ಈಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರಿನೊಳಗೆ ಟಿಪ್ಪಣಿಗೆಂದೇ ಇರುವ ಆರ್ಗ್ ಮೋಡ್. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ತಮ್ಮ ಟಿಪ್ಪಣಿ ಇಟ್ಟುಕೊಳ್ಳಲೆಂದು ಶುರು ಮಾಡಿದ್ದು. ನಕ್ಷತ್ರ ಚಿಹ್ನೆ ಹಾಕಿದ ಸಾಲು ತಲೆಬರಹ, ಟ್ಯಾಬ್ ಒತ್ತಿದರೆ ಮಡಚುತ್ತದೆ. 27ನೇ ಆವೃತ್ತಿಯಿಂದ ಈಮ್ಯಾಕ್ಸ್, ಅಕ್ಷರಗಳನ್ನು ಜೋಡಿಸಿ ತೋರಿಸುವ ಹಾರ್ಫ್‌ಬಜ್ ಎಂಬ ಸಾಫ್ಟ್‌ವೇರ್ ಬಳಸುವುದರಿಂದ ಕನ್ನಡವೂ ಸರಿಯಾಗಿ ಕಾಣುತ್ತದೆ. ಇದರ ಡೇಟ್‌ಟ್ರೀ ಎಲ್ಲರೂ ಹೊಗಳುವ ವಸ್ತು. ಕ್ಯಾಪ್ಚರ್ ಕೀಲಿ ಒತ್ತಿ ಬರೆಯಿರಿ, ಅದು ತಾನಾಗಿ ವರ್ಷ, ಅದರೊಳಗೆ ತಿಂಗಳು, ಅದರೊಳಗೆ ದಿನದ ತಲೆಬರಹ ಮಾಡಿ ಕೆಳಗೆ ಸೇರಿಸುತ್ತದೆ. ಮೊದಲ ತಿಂಗಳು ಖುಷಿಯೋ ಖುಷಿ. ಆಮೇಲೆ ಗೊತ್ತಾಯಿತು, ಇದು ಮಡಚಲು ಬರುವ ನೋಟ್‌ಪ್ಯಾಡ್ ಅಷ್ಟೇ. ಮೋಟರ್ ಸುಟ್ಟದ್ದು ಒಂದು ದಿನದ ಕೆಳಗೆ, ರಿಪೇರಿಗೆ ಕೊಟ್ಟದ್ದು ಇನ್ನೊಂದರ ಕೆಳಗೆ, ಬಿಲ್ ಮುಂದಿನ ತಿಂಗಳಲ್ಲಿ. ಒಂದೇ ಕತೆ ಮೂರು ಚೂರು.

ಹಾಗಾಗಿ ನಾಲ್ಕನೆಯದು: ಅದೇ ಆರ್ಗ್, ಆದರೆ ತಲೆಕೆಳಗು. ಮೇಲೆ ವಿಷಯ, ಕೆಳಗೆ ತಾರೀಖು.

* ಬೋರ್‌ವೆಲ್
** [2023-02-18 ಶನಿ] ಕಾಯಿಲ್ ಸುಟ್ಟಿದೆ, ಮೇಲೆತ್ತಿಸಿದೆ
** [2024-11-09 ಶನಿ] ಸ್ಟಾರ್ಟರ್ ಬದಲಾಯಿಸಿದ್ದು

(ಆ 18 ಮಹಾಶಿವರಾತ್ರಿ. ಉಪವಾಸದ ದಿನವೇ ನೀರೂ ಇಲ್ಲ.)

ಈಗ ಬೋರ್‌ವೆಲ್ ಎಂಬ ಪದ ಇರುವುದು ಒಂದೇ ಕಡೆ. ಕೆಳಗೆ ನಾನು ಹೇಗೆ ಬರೆದರೂ ನಡೆಯುತ್ತದೆ. ಹುಡುಕುವ ಮಾತೇ ಇಲ್ಲ, ಹೋಗಿ ಬಿಚ್ಚುವುದು ಅಷ್ಟೇ. ಆದರೆ ದಿನಚರಿ ಹೋಯಿತಲ್ಲ ಎಂದು ಬೇಸರವಾಗಿತ್ತು. ಹೋಗಿರಲಿಲ್ಲ. ಆರ್ಗ್‌ನಲ್ಲಿ ಕೋನ ಕಂಸದ ತಾರೀಖು ಅಜೆಂಡಾ ಎಂಬ ದಿನವಾರು ಪಟ್ಟಿಯಲ್ಲಿ ಕಾಣುತ್ತದೆ, ಚೌಕ ಕಂಸದ್ದು ಸುಮ್ಮನಿರುತ್ತದೆ. ಅಜೆಂಡಾ ತೆರೆದು ಎಡ ಚೌಕ ಕಂಸದ ಕೀಲಿ ಒತ್ತಿದರೆ ಸುಮ್ಮನಿದ್ದವೂ ಎದ್ದು ಬರುತ್ತವೆ. ಆ ವಾರ ಏನೇನಾಯಿತೋ ಎಲ್ಲ ವಿಷಯದ್ದೂ ದಿನದ ಪ್ರಕಾರ ಸಾಲಾಗಿ ನಿಲ್ಲುತ್ತದೆ. ಬೇಕೆಂದಾಗ ಡೈರಿ, ಬೇಡವೆಂದಾಗ ಕಡತ! ಒಂದು ಎಚ್ಚರಿಕೆ ಬೇಕು. ಅಜೆಂಡಾ ತೋರಿಸುವುದು ತಲೆಬರಹವನ್ನು. ಒಂದೇ ತಲೆಬರಹದಡಿ ಐದು ತಾರೀಖು ತುಂಬಿದರೆ ಐದು ದಿನವೂ ಅದೇ ಸಾಲು ಕಾಣುತ್ತದೆ. ಅದಕ್ಕೇ ಒಂದು ಘಟನೆಗೆ ಒಂದು ತಲೆಬರಹ.

ಇದರಲ್ಲೂ ಕಿರಿಕಿರಿ ಇದೆ. ಬರೆಯುವಾಗಲೇ ಎಲ್ಲಿ ಹಾಕಲಿ ಎಂದು ಯೋಚಿಸಬೇಕು. ರಾತ್ರಿ ಹನ್ನೊಂದಕ್ಕೆ ಆ ತಾಳ್ಮೆ ಇರುವುದಿಲ್ಲ. ಯಾವ ವಿಷಯಕ್ಕೂ ಸೇರದ ಮಾತುಗಳೂ ಇರುತ್ತವೆ, 'ಇವತ್ತು ಯಾಕೋ ಬೇಜಾರು' ಅಂಥವು. ಅದಕ್ಕೆ 'ಸುಮ್ನೆ' ಎಂದೇ ಒಂದು ತಲೆಬರಹ ಮಾಡಿದ್ದೇನೆ. ಫೈಲಿನಲ್ಲಿ ಎಲ್ಲಕ್ಕಿಂತ ಜಾಸ್ತಿ ತುಂಬಿರುವುದು ಅದೇ.

ಬರೆದದ್ದನ್ನು ಮತ್ತೆ ತೆರೆಯುವ ಅಭ್ಯಾಸವೇ ಇಲ್ಲದವರಿಗೆ ಡೇಟ್‌ಟ್ರೀ ಸಾಕು, ನೋಟ್‌ಪ್ಯಾಡೂ ಸಾಕು. ಕಂಪ್ಯೂಟರಿಗಿಂತ ಫೋನಿನಲ್ಲೇ ಬರೆಯುವವರಿಗೆ ಲಾಗ್‌ಸೀಕ್ ಮೇಲು, ಈಮ್ಯಾಕ್ಸ್ ಫೋನಿನ ಪದಾರ್ಥವಲ್ಲ. ನಾನು ನಾಲ್ಕನೆಯದರಲ್ಲಿ ನಿಂತಿದ್ದೇನೆ. ಹಳೆಯ ಡೇಟ್‌ಟ್ರೀ ಹಾಗೇ ಇದೆ. ಏನಾದರೂ ಹುಡುಕಿ ಸಿಕ್ಕಿದಾಗ ಅದೊಂದನ್ನು ಮಾತ್ರ ರಿಫೈಲ್ ಮಾಡಿ ಅದರ ವಿಷಯದ ಕೆಳಗೆ ಸಾಗಿಸುತ್ತೇನೆ. ಹೋದ ವಾರ ಸ್ಕೂಟರ್ ಇನ್ಶೂರೆನ್ಸ್ ಬಂತು. ಮೋಟರಿನ ಬಿಲ್ಲು ಇನ್ನೂ ಸಿಕ್ಕಿಲ್ಲ.