ಹಳೆಯ ಕಚೇರಿ ಕಂಪ್ಯೂಟರ್, ಹೊಸ ಡಿಸ್ಕ್: ಮಲೆನಾಡಿನ ಮನೆಯಲ್ಲೊಂದು ನ್ಯಾಸ್

ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ3 ಎಸ್‌ಎಫ್‌ಎಫ್ ಎಂಬ ಈ ಪೆಟ್ಟಿಗೆ ಮೊದಲು ಯಾವುದೋ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದಿರಬೇಕು. 2023ರ ಕೊನೆಯಿಂದ ಸಾಗರದ ನಮ್ಮ ಮನೆಯಲ್ಲಿ ನ್ಯಾಸ್ ಆಗಿ, ಅಂದರೆ ಮನೆಯ ಎಲ್ಲ ಸಾಧನಗಳಿಗೂ ಜಾಲದ ಮೂಲಕ ಸಿಗುವ ಕಡತಗಳ ಉಗ್ರಾಣವಾಗಿ, ತಾಳಮದ್ದಳೆಯ ಧ್ವನಿಮುದ್ರಣಗಳನ್ನೂ ಮನೆಮಂದಿಯ ಫೋಟೋಗಳನ್ನೂ ಕಾಯುತ್ತಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಐ5-7500 ಪ್ರೊಸೆಸರ್, 8 ಜಿಬಿ ರ‍್ಯಾಮ್ ಮತ್ತು ಒಂದು ಸಣ್ಣ ಎಸ್‌ಎಸ್‌ಡಿ ಸಹಿತ ಸುಮಾರು ಹನ್ನೊಂದು ಸಾವಿರ ರೂಪಾಯಿಗೆ ಸಿಕ್ಕಿತು. ಅದರೊಳಗೆ ಕೂರಿಸಿದ ಎರಡು ಹೊಸ 4 ಟಿಬಿ ಡಿಸ್ಕ್‌ಗಳಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಹಣ ಹೋಯಿತು. ಖರ್ಚು ಹೀಗೆಯೇ ಹಂಚಿಹೋಗಬೇಕು ಎಂಬುದು ಇಷ್ಟು ದಿನ ಬಳಸಿದ ಮೇಲೂ ನನ್ನ ಅಭಿಪ್ರಾಯ. ಕಂಪ್ಯೂಟರ್ ಕೆಟ್ಟರೆ ಇನ್ನೊಂದು ತಂದು ಡಿಸ್ಕ್ ಜೋಡಿಸಿದರಾಯಿತು. ಡಿಸ್ಕ್ ಕೆಟ್ಟರೆ ಅಂಗಡಿಯವನು ಏನು ಮಾಡಿಯಾನು?

ಎಷ್ಟು ಜಾಗ ಬೇಕು ಎಂಬ ಲೆಕ್ಕದಿಂದ ಶುರುಮಾಡಿದ್ದೆ. ಕ್ಯಾಸೆಟ್ಟನ್ನು ಸಿಡಿ ಗುಣಮಟ್ಟದ ವೇವ್ ಕಡತವಾಗಿ ಇಟ್ಟರೆ ಗಂಟೆಗೆ ಸುಮಾರು 635 ಎಂಬಿ. ರಾತ್ರಿಯಿಡೀ ನಡೆದ ಎಂಟು ಗಂಟೆಯ ಆಟಕ್ಕೆ 5 ಜಿಬಿ. ಫ್ಲ್ಯಾಕ್‌ಗೆ ಪರಿವರ್ತಿಸಿದರೆ ಧ್ವನಿ ಚೂರೂ ನಷ್ಟವಾಗದೆ ಗಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಹಳೆಯ ವಿಡಿಯೋ ಕ್ಯಾಮೆರಾದ ಮಿನಿ ಡಿವಿ ಟೇಪು ಗಂಟೆಗೆ 13 ಜಿಬಿ ನುಂಗುತ್ತದೆ. ಜೊತೆಗೆ 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗವೂ ನಿಂತು, 15 ಜಿಬಿಯೊಳಗೆ ಇಡೀ ಬದುಕು ಹಿಡಿಸಬೇಕಾಗಿ ಬಂತು. ಇಷ್ಟಿದ್ದವರಿಗೆ ಪೆನ್‌ಡ್ರೈವ್‌ಗಳ ಗೊಂಚಲು ಸಾಲದು.

ಪುಸ್ತಕದಷ್ಟೇ ಗಾತ್ರದ ಮೈಕ್ರೋ, ಟೈನಿ ಕಂಪ್ಯೂಟರ್‌ಗಳು ಇನ್ನೂ ಚಂದ ಕಾಣುತ್ತವೆ, ವಿದ್ಯುತ್ತೂ ಕಡಿಮೆ ಸಾಕು. ಆದರೆ ಅವುಗಳೊಳಗೆ 3.5 ಇಂಚಿನ ಡಿಸ್ಕ್ ಹಿಡಿಸುವುದಿಲ್ಲ. ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಹೊರಗೆ ನೇತುಹಾಕಬೇಕು. ಹಾಗೆ ನೇತಾಡುವ ಡಿಸ್ಕ್ ನಡುರಾತ್ರಿ ಸಂಪರ್ಕ ಕಳೆದುಕೊಂಡರೆ ತಪ್ಪು ವೈರಿನದೋ, ಅಡಾಪ್ಟರಿನದೋ, ಒಳಗಿನ ಚಿಪ್ಪಿನದೋ ಎಂದು ಹುಡುಕುವುದೇ ಒಂದು ಉದ್ಯೋಗ. ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರದೂ ಇದೇ ಕಥೆ: ಡಿಸ್ಕನ್ನು ನೇರವಾಗಿ ಜೋಡಿಸುವ ಸಾಟಾ ಪೋರ್ಟ್ ಇಲ್ಲ, ಕೇಸು, ಅಡಾಪ್ಟರ್, ಕಾರ್ಡು, ಡಿಸ್ಕ್ ಪೆಟ್ಟಿಗೆ ಎಲ್ಲ ಸೇರಿಸಿದರೆ ಹಳೆಯ ಕಂಪ್ಯೂಟರಿನ ಬೆಲೆಗೆ ಹತ್ತಿರ ಬರುತ್ತದೆ. ಮೂಲೆಯಲ್ಲಿ ಬಿದ್ದಿರುವ ಲ್ಯಾಪ್‌ಟಾಪ್ ಬಳಸುವವರಿಗೆ ಬ್ಯಾಟರಿಯೇ ಯುಪಿಎಸ್ ಆಗುವ ಅನುಕೂಲವಿದೆ. ಸದಾ ಚಾರ್ಜಿಗೆ ಸಿಕ್ಕಿಸಿಟ್ಟ ಬ್ಯಾಟರಿ ಉಬ್ಬುತ್ತಿದೆಯೇ ಎಂದು ಆಗಾಗ ನೋಡುತ್ತಿರಬೇಕು, ಅಷ್ಟೆ. ಸಿದ್ಧ ನ್ಯಾಸ್ ಕೊಳ್ಳುವುದಾದರೆ, ಸೈನಾಲಜಿಯ ಡಿಎಸ್223ಜೆ ಮಾದರಿಯಲ್ಲಿ ಇರುವುದು 1 ಜಿಬಿ ರ‍್ಯಾಮ್, ಅದನ್ನು ಹೆಚ್ಚಿಸಲು ಬಾರದು. ಅದೇ ಕಂಪನಿ 2025ರಲ್ಲಿ ತನ್ನ ಪ್ಲಸ್ ಸರಣಿಯ ಹೊಸ ಯಂತ್ರಗಳಿಗೆ ತಾನು ಒಪ್ಪಿದ ಡಿಸ್ಕ್‌ಗಳೇ ಬೇಕೆಂದು ಹಟ ಹಿಡಿದು, ಟೀಕೆ ಬಂದ ಮೇಲೆ ಅಕ್ಟೋಬರ್‌ನಲ್ಲಿ ಸಡಿಲಿಸಿತು. ಯಾವ ಡಿಸ್ಕ್ ಹಾಕಬೇಕೆಂದು ಹಳೆಯ ಕಚೇರಿ ಕಂಪ್ಯೂಟರ್ ಎಂದೂ ಕೇಳುವುದಿಲ್ಲ.

ಡಿಸ್ಕ್‌ಗಳ ವಿಷಯದಲ್ಲಿ ಜಿಪುಣತನ ಬೇಡ, ಆದರೆ ಅನುಮಾನ ಇರಲಿ. ಎಸ್‌ಎಂಆರ್ ಬಗೆಯ ಡಿಸ್ಕ್‌ನಲ್ಲಿ ದತ್ತಾಂಶದ ಪಥಗಳು ಹಂಚಿನ ಹಾಗೆ ಒಂದರ ಮೇಲೊಂದು ಹೊದ್ದಿರುತ್ತವೆ. ಹಳೆಯದರ ಮೇಲೆ ತಿದ್ದಿ ಬರೆಯಬೇಕಾದಾಗ ಪಕ್ಕದವನ್ನೂ ಎತ್ತಿ ಬರೆಯಬೇಕಾಗಿ ವೇಗ ಕುಸಿಯುತ್ತದೆ. ನ್ಯಾಸ್‌ಗೆಂದೇ ಮಾರುತ್ತಿದ್ದ ರೆಡ್ ಸರಣಿಯ 2ರಿಂದ 6 ಟಿಬಿವರೆಗಿನ ಕೆಲವು ಮಾದರಿಗಳು ಈ ಬಗೆಯವು ಎಂದು ವೆಸ್ಟರ್ನ್ ಡಿಜಿಟಲ್ ಒಪ್ಪಿಕೊಂಡದ್ದು 2020ರಲ್ಲಿ. ಆದ್ದರಿಂದ ಹೆಸರು ನೋಡಿ ಕೊಳ್ಳದೆ, ಮಾದರಿ ಸಂಖ್ಯೆ ಹಿಡಿದು ಅದು ಪಥಗಳು ಹೀಗೆ ಹೊದ್ದಿರದ ಸಿಎಂಆರ್ ಬಗೆಯದು ಹೌದೇ ಎಂದು ಖಚಿತಪಡಿಸಿಕೊಳ್ಳಿ. ಅಗ್ಗವೆಂದು ಬಳಸಿದ ಡಿಸ್ಕ್ ತರುವವರಿಗೆ ಇನ್ನೊಂದು ಮಾತು: ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಸ್ಮಾರ್ಟ್ ದಾಖಲೆಯನ್ನು ಸೊನ್ನೆಗೆ ಇಳಿಸಿ ಮಾರುವವರಿದ್ದಾರೆ. ನನ್ನ ಎರಡರಲ್ಲಿ ಒಂದು ಡಿಸ್ಕ್ ವಾರಂಟಿಯೊಳಗೇ ಈ ದಾಖಲೆಯ 197ನೆಯ ಅಂಶದಲ್ಲಿ, ಅಂದರೆ ಓದಲು ಬಾರದೆ ಕಾಯುತ್ತಿರುವ ಸೆಕ್ಟರ್‌ಗಳ ಲೆಕ್ಕದಲ್ಲಿ, ಏರಿಕೆ ತೋರಿಸಿತು. ಸರ್ವರ್ ಇಮೇಲ್ ಮೂಲಕ ಎಚ್ಚರಿಸಿದ್ದರಿಂದ ಬದಲಿ ಪಡೆಯಲು ಸಮಯ ಸಿಕ್ಕಿತು.

ಎರಡು ಡಿಸ್ಕ್ ಇದ್ದರೂ ರೇಡ್ ಮಾಡಿಲ್ಲ, ಅಂದರೆ ಎರಡನ್ನೂ ಸದಾ ಒಂದರ ಪಡಿಯಚ್ಚಾಗಿ ಇಟ್ಟಿಲ್ಲ. ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಸಿಹೋಗುವ ವ್ಯವಸ್ಥೆಯಿಂದ ಮನೆಗೆ ಏನು ಪ್ರಯೋಜನ? ಅದರ ಬದಲು ಆರ್‌ಸ್ನ್ಯಾಪ್‌ಶಾಟ್ ಎಂಬ ತಂತ್ರಾಂಶ ರಾತ್ರಿ ಎಚ್ಚೆತ್ತು ಮೊದಲ ಡಿಸ್ಕಿನದನ್ನು ಎರಡನೆಯದಕ್ಕೆ ನಕಲಿಸುತ್ತದೆ. ಬದಲಾಗದ ಕಡತ ಎರಡು ಸಲ ಜಾಗ ತಿನ್ನುವುದಿಲ್ಲವಾದ್ದರಿಂದ ಹಿಂದಿನ ವಾರದ, ತಿಂಗಳ ಸ್ಥಿತಿಯೂ ಉಳಿದಿರುತ್ತದೆ. ಅಕ್ಕನ ಮಗ ರಜೆಯಲ್ಲಿ ಬಂದು ಒಂದು ಮೇಳದ ಇಡೀ ಫೋಲ್ಡರನ್ನು ಅಳಿಸಿಟ್ಟಾಗ ಅದನ್ನು ಹಿಂದಕ್ಕೆ ತರಲು ಚಹಾ ಕುಡಿದು ಮುಗಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಮೂರನೆಯ ಪ್ರತಿ ಇರುವ ಯುಎಸ್‌ಬಿ ಡಿಸ್ಕ್ ಶಿವಮೊಗ್ಗದ ಅಕ್ಕನ ಮನೆಯ ಕಪಾಟಿನಲ್ಲಿದೆ. ಹಬ್ಬಕ್ಕೆ ಅತ್ತಿತ್ತ ಹೋಗುವಾಗ ಅದು ಬಂದು ಹೋಗುತ್ತದೆ.

ವಿದ್ಯುತ್ತಿನ ಮಾತಿಗೆ ಬಂದರೆ, ಎರಡೂ ಡಿಸ್ಕ್ ತಿರುಗುತ್ತಿರುವಾಗ ಸುಮಾರು 25 ವ್ಯಾಟ್. ತಿಂಗಳಿಗೆ 18 ಯೂನಿಟ್. ಕೇಳಲು ಅಲ್ಪ. ಆದರೆ ಗೃಹಜ್ಯೋತಿಯ ಉಚಿತ ಮಿತಿ ನಿಂತಿರುವುದು 2022-23ರ ಸರಾಸರಿ ಬಳಕೆಯ ಮೇಲೆ, ಸರ್ವರ್ ಬಂದದ್ದು ಆಮೇಲೆ. ಮಿತಿ ಮೀರಿದ ಯೂನಿಟ್‌ಗೆ ಹಣ ಕಟ್ಟಬೇಕು. 200 ದಾಟಿದರಂತೂ ಪೂರ್ತಿ ಬಿಲ್ ನಮ್ಮದೇ. ಮೆಸ್ಕಾಂ ಚೀಟಿ ಬಂದಾಗಲೆಲ್ಲ ಮನೆಯಲ್ಲಿ ಎಲ್ಲರ ಕಣ್ಣು ಆ ಕಪ್ಪು ಪೆಟ್ಟಿಗೆಯತ್ತ ಹೊರಳುತ್ತಿತ್ತು. ಎರಡನೆಯ ಡಿಸ್ಕ್ ಹಗಲೆಲ್ಲ ಮಲಗಿರುವಂತೆ ಮಾಡಿದ ಮೇಲೆ ಸ್ವಲ್ಪ ಇಳಿದಿದೆ.

ಸರ್ವರ್ ಎಂದರೆ ವರ್ಷವಿಡೀ ನಿಲ್ಲದೆ ಓಡಬೇಕು ಎನ್ನುವವರು ಏಪ್ರಿಲ್, ಮೇ ತಿಂಗಳ ಮಲೆನಾಡಿನ ಗುಡುಗು ಕೇಳಿದವರಲ್ಲ. ಫೈಬರ್ ಬಂದು ಸಿಡಿಲಿಗೆ ದೂರವಾಣಿಯ ತಾಮ್ರದ ತಂತಿಯ ದಾರಿ ಮುಚ್ಚಿದೆ, ಆದರೆ ವಿದ್ಯುತ್ ತಂತಿಯ ದಾರಿ ತೆರೆದೇ ಇದೆ. ಮೋಡ ಕಪ್ಪಾದರೆ ಸರ್ವರ್ ಆರಿಸಿ ಪ್ಲಗ್ಗು ಕೀಳುವುದೇ ನಮ್ಮ ನಿಯಮ. ಸಾಮಾನ್ಯ ವಿದ್ಯುತ್ ಕಡಿತಕ್ಕೆ ಯುಎಸ್‌ಬಿ ಸಂಪರ್ಕವಿರುವ ಚಿಕ್ಕ ಯುಪಿಎಸ್ ಸಾಕು. ಬ್ಯಾಟರಿ ಇಳಿದಾಗ ಸರ್ವರ್ ತಾನಾಗಿ ಮಲಗುತ್ತದೆ. ಕರೆಂಟು ಬಂದಾಗ ತಾನಾಗಿ ಏಳಲು ಬಯಾಸ್‌ನಲ್ಲಿ, ಅಂದರೆ ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ, ಒಂದು ಆಯ್ಕೆ ಬದಲಿಸಬೇಕು. ಹಳೆಯ ಕಂಪ್ಯೂಟರ್ ತಂದವರು ಒಳಗಿನ ಸಿಆರ್2032 ಬಿಲ್ಲೆ ಬ್ಯಾಟರಿಯನ್ನೂ ಮೊದಲೇ ಬದಲಿಸಿಬಿಡಿ. ಅದು ಸತ್ತಿದ್ದರೆ ಗಡಿಯಾರ ಮರೆತ ಯಂತ್ರ ಕೀಲಿ ಒತ್ತುವವರಿಗಾಗಿ ಕಾಯುತ್ತ ನಿಲ್ಲುತ್ತದೆ, ಬೆಂಗಳೂರಿನಿಂದ ಮಗಳು ಫೋನ್ ಮಾಡಿ ಫೋಟೋ ತೆರೆಯುತ್ತಿಲ್ಲ ಎನ್ನುತ್ತಾಳೆ. ಮಳೆಗಾಲದ ಥಂಡಿ ಮಾತ್ರ ಇದಕ್ಕೆ ತಟ್ಟಿಲ್ಲ. ಸದಾ ಬೆಚ್ಚಗಿರುವುದರಿಂದ ಇರಬೇಕು. ಇರುವೆಗಳಿಗೂ ಆ ಬೆಚ್ಚಗೆ ಇಷ್ಟ, ಹಾಗಾಗಿ ಗಾಳಿಕಿಂಡಿಗೆ ತೆಳು ಜಾಲರಿ ಕಟ್ಟಿದ್ದೇನೆ.

ತಂತ್ರಾಂಶ ಓಪನ್‌ಮೀಡಿಯಾವಾಲ್ಟ್. ಡೆಬಿಯನ್ ಲಿನಕ್ಸ್ ಆಧಾರಿತ, ಉಚಿತ, ಬ್ರೌಸರ್‌ನಲ್ಲೇ ಎಲ್ಲ ನಿರ್ವಹಣೆ. ಆವೃತ್ತಿ 6ರಿಂದ 7ಕ್ಕೆ ಏರಿದ್ದು ಒಂದೇ ಆದೇಶದಲ್ಲಿ. ಸಂರಚನಾ ಕಡತಗಳನ್ನು ಅದು ತಾನೇ ಬರೆಯುವುದರಿಂದ ಕೈಯಾರೆ ತಿದ್ದಿದ್ದು ಉಳಿಯುವುದಿಲ್ಲ. ಲಿನಕ್ಸ್ ಬಲ್ಲವರಿಗೆ ಕಿರಿಕಿರಿ, ನನ್ನಂಥವರಿಗೆ ರಕ್ಷಣೆ. ವೈರಿನ ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ 110 ಎಂಬಿ ಸಿಗುತ್ತದೆ, ಒಂದು ಗಂಟೆಯ ಡಿವಿ ಟೇಪು ಎರಡು ನಿಮಿಷದಲ್ಲಿ ದಾಟುತ್ತದೆ. ಫೋಟೋಗಳನ್ನು ಇಡಲು, ನೋಡಲು ಇಮ್ಮಿಚ್ ಎಂಬ ತಂತ್ರಾಂಶವಿದೆ. 2025ರ ಅಕ್ಟೋಬರ್‌ನಲ್ಲಿ ಅದರ ಸ್ಥಿರ ಆವೃತ್ತಿ 2.0 ಬರುವವರೆಗೆ ಪ್ರತಿ ಅಪ್‌ಡೇಟ್‌ಗೂ ಮುನ್ನ ಟಿಪ್ಪಣಿ ಓದಿಕೊಳ್ಳಬೇಕಿತ್ತು, ಈಗ ನಿರಾಳ. ಹೊರಗಿನಿಂದ ತಲುಪಲು ನಮ್ಮ ಸಾಧನಗಳನ್ನೆಲ್ಲ ಒಂದು ಖಾಸಗಿ ಜಾಲವಾಗಿ ಬೆಸೆಯುವ ಟೈಲ್‌ಸ್ಕೇಲ್ ಬಳಸುತ್ತೇವೆ, ಏಕೆಂದರೆ ಅಂತರಜಾಲದಿಂದ ಮನೆಗೆ ನೇರ ತಲುಪಿಸುವ ಸ್ವಂತ ಸಾರ್ವಜನಿಕ ಐಪಿ ವಿಳಾಸ ನಮಗಿಲ್ಲ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರು ಒಂದು ಸಂಗತಿ ತಿಳಿದಿರಬೇಕು. ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ಲಿನಕ್ಸ್‌ನ ಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 18. ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ಇಸವಿ ಎಲ್ಲ ತುಂಬಿದ ಹೆಸರು ವಿಂಡೋಸ್‌ನಲ್ಲಿ ಚೆನ್ನಾಗಿಯೇ ಉಳಿದು, ಇಲ್ಲಿಗೆ ನಕಲಿಸುವಾಗ ದೋಷ ತೋರಿಸಿ ನಿಂತುಬಿಡುತ್ತದೆ. ಈಗ ಪ್ರಸಂಗ ಮತ್ತು ಇಸವಿ ಮಾತ್ರ ಹೆಸರಿನಲ್ಲಿ, ಉಳಿದದ್ದು ಜೊತೆಗಿನ ಪಠ್ಯ ಕಡತದಲ್ಲಿ.

ಇಂದು ಕೊಳ್ಳುವವರಿಗೆ: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ಈ ತಲೆಮಾರಿನ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಹಾಗಾಗಿ ಇಂಥವನ್ನು ಚೌಕಾಶಿ ಮಾಡಿಯೇ ಕೊಳ್ಳಿ. ರ‍್ಯಾಮ್ ಬೆಲೆ ಮಾತ್ರ 2025ರ ಕೊನೆಯಿಂದ ಏರಿರುವುದರಿಂದ ಬೇಕಾದಷ್ಟು ರ‍್ಯಾಮ್ ಇರುವ ಯಂತ್ರವನ್ನೇ ಆರಿಸಿ. ಮನೆಯಲ್ಲಿರುವುದು ಫೋನಿನ ಫೋಟೋಗಳಷ್ಟೇ, ಅವೂ ಅರ್ಧ ಟಿಬಿಯೊಳಗೆ ಎಂದಾದರೆ ಇದಾವುದೂ ಬೇಡ. ಎರಡು ಯುಎಸ್‌ಬಿ ಡಿಸ್ಕ್ ಕೊಂಡು, ಒಂದನ್ನು ನೆಂಟರ ಮನೆಯಲ್ಲಿಡಿ.